ಅಟ್ಟದಿಂದ ಇಳಿದ ಗಿಟಾರ್: ಗುರುತಿಸುವುದು ಹೇಗೆ, ಬೆಲೆ ಕಟ್ಟುವುದು ಹೇಗೆ?



ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಕಲ್ಲಡ್ಕಕ್ಕೆ ಹೋಗಿದ್ದೆ. ಪರಿಚಿತರ ಮನೆಯ ಜಗಲಿಯಲ್ಲಿ ಕಾಲೇಜು ಹುಡುಗನೊಬ್ಬ ಹಳೆಯ ಗಿಟಾರೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದ. ಅವನ ಅಜ್ಜ ಇಗರ್ಜಿಯ ಗಾಯನವೃಂದದಲ್ಲಿ ನುಡಿಸುತ್ತಿದ್ದ ವಾದ್ಯ. ಪಕ್ಕದಲ್ಲಿ ಉಪ್ಪುಕಾಗದ, ವಾರ್ನಿಷ್ ಡಬ್ಬಿ. "ಗುಜರಿಯವರು ಇನ್ನೂರು ರೂಪಾಯಿ ಅಂದರು ಸರ್. ಗೆಳೆಯರು ಲಕ್ಷ ಸಿಗಬಹುದು ಅನ್ನುತ್ತಾರೆ. ಫೀಸು ಕಟ್ಟಬೇಕಿತ್ತು" ಎಂದ. ಮೊದಲು ವಾರ್ನಿಷ್ ಡಬ್ಬಿಯನ್ನು ಮುಚ್ಚಿಸಿದೆ. ಹಳೆಯ ವಾದ್ಯದ ಮೂಲ ಮೆರುಗನ್ನು ಉಜ್ಜಿ ತೆಗೆದರೆ ಅದರ ಬೆಲೆಯ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ, ಟಾರ್ಚು ಹಿಡಿದು ನಡುವಿನ ರಂಧ್ರದೊಳಗೆ ನೋಡಿ. ತಯಾರಕರ ಚೀಟಿಯೋ ಕ್ರಮಸಂಖ್ಯೆಯೋ ಅಲ್ಲಿರಬಹುದು. ಹೆಸರನ್ನು ಅಕ್ಷರ ಬಿಡದೆ ಓದಿ. ನಮ್ಮ ಹುಡುಗ 'ಗಿಬ್ಸನ್' ಎಂದು ಓದಿದ್ದು ವಾಸ್ತವದಲ್ಲಿ 'ಗಿವ್ಸನ್'. ಮೊದಲನೆಯದು 1902ರಲ್ಲಿ ಅಮೆರಿಕದ ಕಲಮಜೂ ಪಟ್ಟಣದಲ್ಲಿ ಆರಂಭವಾದ ಸಂಸ್ಥೆ. ಎರಡನೆಯದು ಕೋಲ್ಕತ್ತದ ತಯಾರಿಕೆ. ಅಮೆರಿಕದ ಮಾರ್ಟಿನ್ ಸಂಸ್ಥೆ 1898ರಿಂದ ಸಂಖ್ಯೆಗಳನ್ನು ಅನುಕ್ರಮವಾಗಿ ಕೊಡುತ್ತಾ ಬಂದಿರುವುದರಿಂದ ಅದರ ಗಿಟಾರಿನ ವರ್ಷವನ್ನು ಸುಲಭವಾಗಿ ತಿಳಿಯಬಹುದು. ಗಿಬ್ಸನ್‌ನಲ್ಲಿ 1960ರ ದಶಕದ ಎಷ್ಟೋ ಸಂಖ್ಯೆಗಳು ಮರುಕಳಿಸಿವೆ. ಹಾಗಾಗಿ ಸಂಖ್ಯೆಯೊಂದನ್ನೇ ನಂಬಬಾರದು.

ಎರಡನೆಯದು ಮರ. ತಂತಿ ತೀರ ತೆಳು. ಅದೊಂದೇ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದರ ಕಂಪನ ಬ್ರಿಡ್ಜ್ ಮೂಲಕ ಮೇಲಿನ ಹಲಗೆಗೆ ಇಳಿದು, ಹಲಗೆಯೇ ನುಡಿಯುತ್ತದೆ. ಆದ್ದರಿಂದ ಹಲಗೆ ಇಡಿಯ ಮರದ್ದೋ ಪ್ಲೈವುಡ್ಡಿನದೋ ಎಂಬುದು ಮುಖ್ಯ. ರಂಧ್ರದ ಅಂಚನ್ನು ನೋಡಿ: ಮೇಲಿನ ಗೆರೆಗಳು ಅಂಚಿನಲ್ಲೂ ಹಾಗೆಯೇ ಕೆಳಗಿಳಿದರೆ ಇಡಿಯ ಮರ, ಪದರಗಳು ಕಂಡರೆ ಪ್ಲೈವುಡ್.

ಇಲ್ಲಿ ನಮ್ಮ ಪಶ್ಚಿಮಘಟ್ಟಗಳಿಗೂ ಒಂದು ಪಾತ್ರವಿದೆ. ಮಾರ್ಟಿನ್ ಗಿಟಾರುಗಳ ಬೆನ್ನಿಗೆ ಬಳಸುತ್ತಿದ್ದ ಬ್ರೆಜಿಲ್ ರೋಸ್‌ವುಡ್ ದುರ್ಲಭವಾದಾಗ, 1969ರಲ್ಲಿ ಆ ಸಂಸ್ಥೆ ಭಾರತದ ರೋಸ್‌ವುಡ್ಡಿಗೆ, ಅಂದರೆ ನಮ್ಮ ಬೀಟೆ ಮರಕ್ಕೆ, ಬದಲಾಯಿತು. ಬ್ರೆಜಿಲ್ ಮರದ ಅಂತಾರಾಷ್ಟ್ರೀಯ ವ್ಯಾಪಾರವನ್ನು 1992ರಲ್ಲಿ ಸೈಟೀಸ್ ಒಪ್ಪಂದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಹೀಗಾಗಿ ಆ ಮರದ ಹಳೆಯ ವಾದ್ಯಗಳಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ.

ಮೂರನೆಯದು ಸ್ಥಿತಿ. ಉಕ್ಕಿನ ಆರು ತಂತಿಗಳು ಒಟ್ಟಾಗಿ ಸುಮಾರು 70 ಕಿಲೋಗ್ರಾಂ ಭಾರದಷ್ಟು ಎಳೆಯುತ್ತವೆ. ಕರಾವಳಿಯ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಅಂಟು ಸಡಿಲಗೊಳ್ಳುತ್ತದೆ. ಬ್ರಿಡ್ಜ್ ಎದ್ದಿದೆಯೇ, ನೆಕ್ ಬಾಗಿದೆಯೇ, ಹಲಗೆ ಬಿರಿದಿದೆಯೇ ಪರೀಕ್ಷಿಸಿ. ನೈಲಾನ್ ತಂತಿಗೆಂದೇ ಮಾಡಿದ ಗಿಟಾರಿಗೆ ಉಕ್ಕಿನ ತಂತಿ ಕಟ್ಟಲೇಬೇಡಿ. ಆ ಎಳೆತವನ್ನು ಅದು ತಾಳದು.

ಬೆಲೆ ಎಂದರೆ ತಯಾರಕ, ಮರ, ಸ್ಥಿತಿ, ಮೂಲ ಭಾಗಗಳು, ಇವೆಲ್ಲ ಸೇರಿದ ಮೊತ್ತ. ಬರಿಯ ವಯಸ್ಸು ಬೆಲೆಯಲ್ಲ. ಕೇಳುವ ಬೆಲೆಯೂ ಬೆಲೆಯಲ್ಲ. ಅಂಥದೇ ವಾದ್ಯ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಎಂಬುದೇ ಅಳತೆಗೋಲು. ಕೊಳ್ಳುವವರಲ್ಲದ, ರಿಪೇರಿ ಬಲ್ಲ ಒಬ್ಬರಿಗೆ ತೋರಿಸಿ ಕೇಳುವುದು ಕ್ಷೇಮ.

ಕಲ್ಲಡ್ಕದ ಗಿಟಾರ್ ಪ್ಲೈವುಡ್ಡಿನದು, ಬ್ರಿಡ್ಜ್ ಅರ್ಧ ಎದ್ದಿತ್ತು. ಲಕ್ಷದ ಮಾತು ಸುಳ್ಳು. ಫೀಸಿನ ಹಣ ಅದರಿಂದ ಹುಟ್ಟುವಂತಿರಲಿಲ್ಲ. ಹುಡುಗನ ಮುಖ ಸಪ್ಪಗಾಯಿತು. ಒಳಗಿನಿಂದ ಬಂದ ಅಜ್ಜಿ, "ಇನ್ನೂರಕ್ಕೆ ಕೊಡುವುದಾದರೆ ಇಲ್ಲೇ ಇರಲಿ ಮಗಾ" ಎಂದರು. ಫೀಸಿಗೆ ಬೇರೆ ದಾರಿ ಹುಡುಕಿದರು. ಬ್ರಿಡ್ಜ್ ಅಂಟಿಸಿದ ಮೇಲೆ ಅದು ಮತ್ತೆ ನುಡಿಯಿತಂತೆ.

ನೀವೂ ಮಾರುವ ಮುನ್ನ ಪರೀಕ್ಷಿಸಿ, ಉಜ್ಜುವ ಮುನ್ನ ಯೋಚಿಸಿ. ಅದನ್ನು ನುಡಿಸಿದವರು ಯಾರು, ಎಲ್ಲಿಂದ ತಂದರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ.