ಕೈಯಾರೆ ಕಟ್ಟಿದ ಕಾರಿಗೆ ದೀಪವೂ ಮಡ್ಗಾರ್ಡೂ

ಕಾರನ್ನು ಬಿಡಿಭಾಗಗಳ ರೂಪದಲ್ಲಿ ಕೊಂಡು ತಂದು, ಮನೆಯ ಷೆಡ್ಡಿನಲ್ಲಿ ತಾನೇ ಜೋಡಿಸಿ, ಅದರಲ್ಲಿಯೇ ಕುಳಿತು ಹೊರಡುವುದೆಂದರೆ ನಮ್ಮ ಓದುಗರಲ್ಲಿ ಹಲವರಿಗೆ ಕಟ್ಟುಕತೆಯಂತೆ ತೋರಬಹುದು. ಇಂಗ್ಲೆಂಡಿನಲ್ಲಿ ಅದು ಹಳೆಯ ಹವ್ಯಾಸ. ೧೯೫೭ರಲ್ಲಿ ಕಾಲಿನ್ ಚ್ಯಾಪ್‌ಮನ್ನರ ಲೋಟಸ್ ಸಂಸ್ಥೆಯು ‘ಸೆವೆನ್’ ಎಂಬ ಪುಟ್ಟ ತೆರೆದ ಕಾರನ್ನು ಹೊರತಂದಿತು. ಪೂರ್ಣಗೊಂಡ ಕಾರಿಗೆ ಆಗ ಅಲ್ಲಿ ಖರೀದಿ ತೆರಿಗೆಯಿದ್ದಿತು; ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿಕೊಂಡವನು ಅದರಿಂದ ಪಾರಾಗುತ್ತಿದ್ದನು. ೧೯೭೩ರಲ್ಲಿ ತೆರಿಗೆಯ ಕ್ರಮ ಬದಲಾಯಿತು. ಅದೇ ವರ್ಷ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು. ತೆರಿಗೆಯ ಲಾಭ ಹೋದರೂ ಹವ್ಯಾಸ ಹೋಗಲಿಲ್ಲ.

ಎಂಜಿನ್ನು ಕೂರಿಸುವ ದಿನ ಕಟ್ಟುವವನಿಗೆ ಹಬ್ಬ. ಹೆಡ್‌ಲೈಟು, ಮುಂಚಕ್ರದ ಮಡ್ಗಾರ್ಡುಗಳ ಸರದಿ ಬರುವುದು ಕೆಲಸದ ಕೊನೆಯಲ್ಲಿ, ಕಾರನ್ನು ಓಡಿಸುವ ಆತುರ ಮಿತಿಮೀರಿದಾಗ. ಇಲ್ಲಿ ತಪ್ಪಿದರೆ ಕಾರು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ, ಅಪಾಯವಿರುವುದೂ ಅಲ್ಲಿಯೇ.

ಮೊದಲು ಮಡ್ಗಾರ್ಡನ್ನು ನೋಡೋಣ. ಕಾರು ಗಂಟೆಗೆ ೭೨ ಕಿಲೋಮೀಟರು, ಎಂದರೆ ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ಓಡುತ್ತಿದೆಯೆನ್ನಿ. ಚಕ್ರದ ತ್ರಿಜ್ಯ ೦.೩ ಮೀಟರು. ಟೈರಿಗೆ ಅಂಟಿದ ನೀರಹನಿಯು ಚಕ್ರದೊಡನೆ ಸುತ್ತಬೇಕಾದರೆ ಕೇಂದ್ರದ ಕಡೆಗೆ ಅದಕ್ಕಿರಬೇಕಾದ ವೇಗೋತ್ಕರ್ಷ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಲೆಕ್ಕ ಹಾಕಿದರೆ ಗುರುತ್ವದ ವೇಗೋತ್ಕರ್ಷದ ೧೩೬ರಷ್ಟು! ಅಂಟಿನ ಬಲಕ್ಕೆ ಅಷ್ಟು ಶಕ್ತಿಯೆಲ್ಲಿಯದು? ಹನಿಯು ಸ್ಪರ್ಶರೇಖೆಯ ಗುಂಟ ಹಾರಿಹೋಗುತ್ತದೆ. ಚಕ್ರದ ಹಿಂಬದಿಯಲ್ಲಿ ಅಚ್ಚಿನ ಮಟ್ಟದಿಂದ ಬಿಟ್ಟ ಹನಿ, ಕಾರಿನಲ್ಲಿ ಕುಳಿತವನ ದೃಷ್ಟಿಗೆ, ನೆಟ್ಟಗೆ ಮೇಲಕ್ಕೇರುತ್ತದೆ. ನೆತ್ತಿಯಿಂದ ಬಿಟ್ಟದ್ದು ಮುಂದಕ್ಕೆ ಚಿಮ್ಮುತ್ತದೆ. ಎದುರುಗಾಳಿಯು ಅವುಗಳನ್ನು ತಡೆಯುತ್ತಲೇ ಹಿಂದಿನಿಂದ ಬರುವ ಚಾಲಕನು ತಾನೇ ಆ ಕೆಸರಿನೊಳಕ್ಕೆ ನುಗ್ಗುತ್ತಾನೆ. ತೆರೆದ ಕಾರಿನಲ್ಲಿ ಅವನ ಕಣ್ಣಿಗೆ ಮರೆಯೂ ಅಷ್ಟಕ್ಕಷ್ಟೆ. (ವಿದ್ಯಾರ್ಥಿ ದೆಸೆಯಲ್ಲಿ ನಾವು ಮಡ್ಗಾರ್ಡಿಲ್ಲದ ಸೈಕಲ್ಲು ತುಳಿದು, ಬೆನ್ನ ಮೇಲೆ ಕೆಸರಿನ ಪಟ್ಟೆ ಹೊತ್ತು, ಈ ಪಾಠವನ್ನೇ ಕೇಳಲು ತರಗತಿಗೆ ಹೋದದ್ದುಂಟು.)

ಸೆವೆನ್ ಕಾರಿಗೆ ಎರಡು ಬಗೆಯ ಮುಂದಿನ ಮಡ್ಗಾರ್ಡುಗಳಿವೆ. ಒಂದು, ಕಾರಿನ ಮೈಗೆ ಬಿಗಿದ ಅಗಲವಾದ ರೆಕ್ಕೆಯಂಥದು. ಗುಂಡಿಯಲ್ಲಿ ಚಕ್ರವು ಏರಿಳಿಯಲು ಅದರಡಿಯಲ್ಲಿ ಧಾರಾಳವಾಗಿ ತೆರಪಿರಬೇಕು. ಇನ್ನೊಂದು, ಸೈಕಲ್ಲಿನದರಂತೆ ಕಿರಿದಾದುದು. ಇದು ಚಕ್ರವನ್ನು ಹೊತ್ತ ಉಕ್ಕಿನ ಕಂಬಕ್ಕೇ ಕೊಳವೆಯ ಊರೆಗಳಿಂದ ಜೋಡಿಸಲ್ಪಟ್ಟು, ಚಕ್ರದೊಡನೆ ಏರಿಳಿಯುತ್ತ, ಚಕ್ರದೊಡನೆ ತಿರುಗುತ್ತದೆ. ಆದುದರಿಂದ ಟೈರಿಗೂ ಅದಕ್ಕೂ ನಡುವಣ ಅಂತರ ಹೆಚ್ಚು ಬದಲಾಗದು. ಆದರೆ ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಅದು ಕಾರಿನ ಮೈಗೂ ದೀಪಕ್ಕೂ ತಾಗದೆಂಬುದನ್ನು ನೋಡಿಯೇ ತೂತು ಕೊರೆಯಬೇಕು.

ಇದಕ್ಕೊಂದು ಬೆಲೆಯುಂಟು. ಸ್ಪ್ರಿಂಗು ಕಾಯುವುದು ಕಾರಿನ ಮೈಯನ್ನು, ಚಕ್ರವನ್ನಲ್ಲ. ಚಕ್ರಕ್ಕೆ ಬಿಗಿದ ಮಡ್ಗಾರ್ಡಿಗೆ ರಸ್ತೆಯ ಪೆಟ್ಟೆಲ್ಲವೂ ನೇರವಾಗಿ ತಗಲುತ್ತದೆ. ನಮ್ಮ ಚಕ್ರದ ಪರಿಧಿ ಸುಮಾರು ೧.೯ ಮೀಟರು, ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ಅದು ಸೆಕೆಂಡಿಗೆ ಹತ್ತೂವರೆ ಸುತ್ತು ಸುತ್ತುತ್ತದೆ. ಚಕ್ರದ ತೂಕ ಒಂದು ಕಡೆಗೆ ತುಸು ವಾಲಿದ್ದರೂ ಸೆಕೆಂಡಿಗೆ ಅಷ್ಟೇ ಬಾರಿ ನೂಕು ಬೀಳುತ್ತದೆ. ಊರೆ ತೆಳುವಾಗಿದ್ದು, ಮಡ್ಗಾರ್ಡಿನ ಸಹಜ ಕಂಪನವೂ ಇದರ ಹತ್ತಿರ ಬಂದರೆ ಅನುರಣನೆಯುಂಟಾಗಿ ಕಂಪನ ಬೆಳೆಯುತ್ತ ಹೋಗುತ್ತದೆ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಮೂಡಿ, ಒಂದು ದಿನ ಊರೆ ಮುರಿಯುತ್ತದೆ. ಕಳಚಿದ ಮಡ್ಗಾರ್ಡು ಟೈರಿಗೂ ಮೈಗೂ ನಡುವೆ ಸಿಕ್ಕರೆ ಸ್ಟೀರಿಂಗೇ ಕೈಕೊಡಬಹುದು. ಊರೆ ಗಡುಸಾಗಿದ್ದರೆ ಸಹಜ ಕಂಪನ ಇದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಆದುದರಿಂದ ಇಲ್ಲಿ ಹಗುರದ ಆಸೆ ಸಲ್ಲದು.

ಇನ್ನು ದೀಪ. ಹೆಡ್‌ಲೈಟಿನ ಪ್ರತಿಫಲಕವು ಪರವಲಯದ ಆಕಾರದ ಕನ್ನಡಿ. ನಾಭಿಯಲ್ಲಿಟ್ಟ ತಂತುವಿನ ಕಿರಣಗಳು ಅದರಿಂದ ಸಮಾಂತರವಾಗಿ ಹೊರಟು ದೂರ ಸಾಗುತ್ತವೆ. ಎದುರಿಗೆ ವಾಹನ ಬಂದಾಗ ಬೇಕಾದದ್ದು ಚಾಲಕರು ‘ಡಿಮ್’ ಎನ್ನುವ ತಗ್ಗಿದ ಬೆಳಕು. ಎಚ್-೪ ಎಂಬ ಬಲ್ಬಿನಲ್ಲಿ ಇದಕ್ಕಾಗಿ ಎರಡನೆಯ ತಂತುವನ್ನು ನಾಭಿಗಿಂತ ಮುಂದಿಟ್ಟಿರುತ್ತಾರೆ. ಅದರ ಕಿರಣಗಳು ಕನ್ನಡಿಯ ಮೇಲರ್ಧಕ್ಕೆ ಬಡಿದರೆ ಕೆಳಕ್ಕೆ ಬಾಗುತ್ತವೆ. ಕೆಳಗಿನರ್ಧಕ್ಕೆ ಬಡಿದರೆ ಮೇಲಕ್ಕೇಳುತ್ತವೆ. ಆದುದರಿಂದಲೇ ಆ ತಂತುವಿನಡಿಯಲ್ಲಿ ಲೋಹದ ಪುಟ್ಟ ದೊನ್ನೆಯೊಂದನ್ನಿಟ್ಟು ಕೆಳಗಿನ ಕಿರಣಗಳನ್ನು ತಡೆಯುತ್ತಾರೆ. ಆ ದೊನ್ನೆಯ ಒಂದು ಅಂಚು ೧೫ ಡಿಗ್ರಿ ವಾರೆ. ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ವಾಹನಗಳು ಎಡಕ್ಕೆ ಚಲಿಸುವುದರಿಂದ ಬೆಳಕು ಎಡಬದಿಯಲ್ಲಿ ತುಸು ಮೇಲೆದ್ದು ರಸ್ತೆಯಂಚಿನ ಪಾದಚಾರಿಯನ್ನು ತೋರಿಸುತ್ತದೆ. ಬಲಕ್ಕೆ ಚಲಿಸುವ ದೇಶದ ದೀಪವನ್ನು ಅಗ್ಗವೆಂದು ಕೊಂಡು ತಂದರೆ ಇದೇ ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತದೆ.

ದೀಪದ ಸ್ಥಾನಕ್ಕೂ ನಿಯಮಗಳಿವೆ. ತಗ್ಗಿದ ಬೆಳಕಿನ ದೀಪ ನೆಲದಿಂದ ೫೦ ಸೆಂಟಿಮೀಟರಿಗಿಂತ ಕೆಳಗಾಗಲಿ ೧೨೦ಕ್ಕಿಂತ ಮೇಲಾಗಲಿ ಇರಬಾರದು. ಅದರ ಹೊರ ಅಂಚು ಕಾರಿನ ಹೊರಗಡಿಯಿಂದ ೪೦ ಸೆಂಟಿಮೀಟರಿಗಿಂತ ಒಳಸರಿದಿರಬಾರದು.

ಹೆಚ್ಚಿನವರು ಎಡವುವುದು ದೀಪದ ಗುರಿಯಲ್ಲಿ. ತಗ್ಗಿದ ಬೆಳಕಿನ ಮೇಲಂಚು ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ಇಳಿಯಬೇಕು: ಹತ್ತು ಮೀಟರು ದೂರದ ಗೋಡೆಯ ಮೇಲೆ ದೀಪದ ಮಟ್ಟಕ್ಕಿಂತ ೧೦ ಸೆಂಟಿಮೀಟರು ಕೆಳಗೆ. ಖಾಲಿ ಕಾರಿನಲ್ಲಿ ಇದನ್ನು ಸರಿಪಡಿಸಿದವನು ಒಂದು ವಿಷಯ ಮರೆತಿದ್ದಾನೆ. ಈ ಕಾರಿನಲ್ಲಿ ಚಾಲಕನ ಪೀಠ ಹಿಂಚಕ್ರಗಳ ಹತ್ತಿರ. ಕಾರಾದರೋ ಅರ್ಧ ಟನ್ನಿನ ಆಸುಪಾಸು. ಮುಂದಣ ಅಚ್ಚಿಗೂ ಹಿಂದಣದಕ್ಕೂ ಸುಮಾರು ಎರಡೂಕಾಲು ಮೀಟರು ದೂರ. ಅವನು ಕುಳಿತೊಡನೆ ಹಿಂಭಾಗವು ಮುಂಭಾಗಕ್ಕಿಂತ ಎರಡೇ ಸೆಂಟಿಮೀಟರು ಹೆಚ್ಚು ತಗ್ಗಿದರೂ ಮೂತಿ ನೂರಕ್ಕೆ ೦.೯ರಷ್ಟು ಮೇಲೇಳುತ್ತದೆ. ಕೊಟ್ಟ ಇಳಿಜಾರೆಲ್ಲ ಅಲ್ಲಿಗೆ ಮುಗಿಯಿತು! ಆದುದರಿಂದ ಚಾಲಕನನ್ನು ಕೂರಿಸಿ, ಪೆಟ್ರೋಲು ತುಂಬಿಸಿ, ಆಮೇಲೆ ದೀಪ ತಿರುಗಿಸಬೇಕು.

ಗುರಿ ಸರಿಯಿದ್ದೂ ಬೆಳಕು ಮಂಕಾಗಿದ್ದರೆ ಬಲ್ಬನ್ನು ದೂರುವ ಮುನ್ನ ಬ್ರಾಕೆಟ್ಟನ್ನು ನೋಡಬೇಕು. ವಿದ್ಯುತ್ಪ್ರವಾಹ ಬ್ಯಾಟರಿಗೆ ಹಿಂದಿರುಗುವುದು ಕಾರಿನ ಚೌಕಟ್ಟಿನ ಮೂಲಕ. ಬಣ್ಣ ಬಳಿದ ಬ್ರಾಕೆಟ್ಟು ಅದಕ್ಕೆ ಅಡ್ಡಗೋಡೆ. ೧೨ ವೋಲ್ಟಿನಲ್ಲಿ ೫೫ ವಾಟಿನ ತಂತು ಸುಮಾರು ೪.೬ ಆಂಪಿಯರು ಎಳೆಯುತ್ತದೆ. ಬಣ್ಣದಿಂದಲೂ ತುಕ್ಕಿನಿಂದಲೂ ೦.೨ ಓಮ್ ರೋಧ ಸೇರಿದರೆ ೦.೯ ವೋಲ್ಟು ಅಲ್ಲಿಯೇ ನಷ್ಟ. ಅತ್ಯಲ್ಪವೆನ್ನಬೇಡಿ: ತಂತುವಿನ ಬೆಳಕು ವೋಲ್ಟೇಜಿನ ಮೂರನೆಯ ಘಾತಕ್ಕಿಂತಲೂ ಚುರುಕಾಗಿ ಇಳಿಯುವುದರಿಂದ ಬೆಳಕಿನಲ್ಲಿ ಹತ್ತಿರ ಹತ್ತಿರ ಕಾಲುಭಾಗ ಹೋಗುತ್ತದೆ. ಮೈ ಫೈಬರ್ ಗ್ಲಾಸಿನದಾದರೆ ಪ್ರವಾಹಕ್ಕೆ ಅದರ ಮೂಲಕ ದಾರಿಯೇ ಇಲ್ಲ. ದೀಪದ ಹಿಂಬದಿಯಿಂದ ಚೌಕಟ್ಟಿನವರೆಗೆ ಬೇರೆಯೇ ಒಂದು ಅರ್ತಿನ ತಂತಿ ಎಳೆದು, ಬಣ್ಣ ಕೆರೆದ ಹೊಳೆಯುವ ಉಕ್ಕಿಗೆ ಬಿಗಿದು, ಮೇಲೆ ತುಸು ಗ್ರೀಸು ಸವರಿದರೆ ಈ ತೊಂದರೆ ತೀರುತ್ತದೆ.