ಜಪಾನೀಯರು ಎಲ್ಲಿಂದ ಬಂದರು?

ಜಪಾನೀಯರ ಮೂಲ ಚೀನಾವೇ?
ಲಿಪಿ ನೋಡಿದರೆ ಹಾಗೇ ಅನಿಸುತ್ತದೆ.
ಆದರೆ ಅಂಗಿ ಎರವಲು ತಂದ ಮಾತ್ರಕ್ಕೆ
ಯಾರೂ ನೆಂಟರಾಗುವುದಿಲ್ಲ.

ಚೀನೀ ಭಾಷೆಯ ಬಳಗ ಟಿಬೆಟನ್, ಬರ್ಮೀಸ್.
ಜಪಾನೀ ಆ ಬಳಗದ್ದಲ್ಲ.
ಅದರಲ್ಲಿ ಕ್ರಿಯಾಪದ ಕೊನೆಗೆ,
ಕೊರಿಯನ್ನಿನಂತೆ. ಹೌದು, ಕನ್ನಡದಂತೆಯೂ!
ಅಷ್ಟಕ್ಕೇ ಇವು ಒಂದೇ ಕುಟುಂಬವಾಗುವುದಿಲ್ಲ.

ದ್ವೀಪಗಳಲ್ಲಿ ಮೊದಲೇ ಇದ್ದವರು ಜೋಮೋನ್ ಜನ.
ಬೇಟೆ, ಮೀನು, ಕಾಡಿನ ಕಾಯಿ ಅವರ ಬದುಕು.
ಮಡಕೆ ಮಾತ್ರ ಬೇಸಾಯಕ್ಕಿಂತ ಬಹಳ ಮೊದಲೇ ಬಂತು,
ಸುಮಾರು 16,000 ವರ್ಷಗಳ ಹಿಂದೆ.

ಮುಂದೆ, ಸುಮಾರು 3,000 ವರ್ಷಗಳ ಹಿಂದೆ,
ಕೊರಿಯಾ ಕಡೆಯಿಂದ ಕ್ಯೂಷೂ ದ್ವೀಪಕ್ಕೆ
ಭತ್ತದ ಗದ್ದೆ ಬಂತು.
ತಂದವರು ಯಾಯೋಯಿ ವಲಸಿಗರು.
ಜಪಾನೀ ಭಾಷೆಯ ಬೇರೂ ಇವರದೇ
ಎನ್ನುತ್ತಾರೆ ಹೆಚ್ಚಿನ ವಿದ್ವಾಂಸರು.

ಇಂದಿನ ಜಪಾನೀಯರು ಮುಖ್ಯವಾಗಿ ಈ ಎರಡು ಜನಗಳ ಬೆರಕೆಯ ಸಂತತಿ.
ಜೋಮೋನ್ ಅಂಶ ಹೆಚ್ಚು ಉಳಿದಿರುವುದು
ಉತ್ತರದ ಐನು ಜನರಲ್ಲಿ,
ನಂತರ ದಕ್ಷಿಣದ ಓಕಿನಾವಾದಲ್ಲಿ.