ನೆಲಕ್ಕೆ ತೊಟ್ಟಿಕ್ಕದ ಗೇರ್ ಎಣ್ಣೆ

ಪ್ರಶ್ನೆ: ಹಳೆಯ ಆಟೊಮ್ಯಾಟಿಕ್ ಕಾರುಗಳಲ್ಲಿ ನೆಲದ ಮೇಲೆ ಒಂದು ಹನಿಯೂ ಬೀಳದೆ ಗೇರ್‌ಬಾಕ್ಸ್ ಎಣ್ಣೆ ಕಡಿಮೆಯಾಗುತ್ತ ಹೋಗುವುದುಂಟಂತೆ. ಅದು ಹೋಗುವುದೆಲ್ಲಿಗೆ?

ಎಷ್ಟೋ ಸಲ ಎಂಜಿನ್ನೇ ಅದನ್ನು ಕುಡಿದಿರುತ್ತದೆ! 1964ರಲ್ಲಿ ಬಂದ ಜನರಲ್ ಮೋಟಾರ್ಸ್‌ನ ಟರ್ಬೊ ಹೈಡ್ರಾಮ್ಯಾಟಿಕ್ 400ರಂಥ ಗೇರ್‌ಬಾಕ್ಸ್‌ಗಳಿಗೆ ಎಂಜಿನ್ ಎಷ್ಟು ಭಾರ ಎಳೆಯುತ್ತಿದೆ ಎಂಬುದು ತಿಳಿಯಬೇಕು. ಒಳಗಿನ ಎಣ್ಣೆಯ ಒತ್ತಡವನ್ನೂ ಗೇರ್ ಬದಲಿಸುವ ಹೊತ್ತನ್ನೂ ಅವು ಹೊಂದಿಸಿಕೊಳ್ಳುವುದು ಅದರ ಮೇಲೆಯೇ. ಈ ಸುದ್ದಿ ಮುಟ್ಟಿಸಲು ಗೇರ್‌ಬಾಕ್ಸ್‌ನ ಪಕ್ಕದಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಅದರೊಳಗೊಂದು ರಬ್ಬರ್ ಪೊರೆ. ಪೊರೆಯ ಒಂದು ಬದಿಗೆ ಗೇರ್‌ಬಾಕ್ಸ್. ಇನ್ನೊಂದು ಬದಿಯಿಂದ ಸಣ್ಣ ಕೊಳವೆಯೊಂದು ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿಗೆ ಹೋಗುತ್ತದೆ. ವರ್ಷಗಟ್ಟಲೆ ಬಿಸಿ ತಿಂದು ರಬ್ಬರ್ ಬಿರುಕು ಬಿಟ್ಟರೆ, ಎಳನೀರನ್ನು ಸ್ಟ್ರಾದಲ್ಲಿ ಹೀರಿದ ಹಾಗೆ ಎಂಜಿನ್ ಆ ಎಣ್ಣೆಯನ್ನು ಹೀರಿ ಸುಟ್ಟುಬಿಡುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಪಿಸ್ಟನ್ ರಿಂಗ್ ಹೋಯಿತೆಂದು ಎಂಜಿನ್ ಬಿಚ್ಚಿಸುವವರೂ ಇದ್ದಾರೆ, ಪಾಪ.

ಪತ್ತೆ ಸುಲಭ. ಎಂಜಿನ್ ಆರಿಸಿ, ಮಾಡ್ಯುಲೇಟರಿನ ಕೊಳವೆ ಕಳಚಿ ನೋಡಿ. ಒಳಗೆ ಕೆಂಪೆಣ್ಣೆಯ ಪಸೆ ಇದ್ದರೆ ಪೊರೆ ಹರಿದಿದೆ, ಡಬ್ಬಿ ಬದಲಿಸಿದರಾಯಿತು.

ಕೊಳವೆ ಒಣಗಿದ್ದರೆ, ಕಾರು ತಣಿದ ಮೇಲೆ ರೇಡಿಯೇಟರಿನ ಮುಚ್ಚಳ ತೆರೆಯಿರಿ. ಗೇರ್ ಎಣ್ಣೆಯನ್ನು ತಂಪಾಗಿಸುವ ನಳಿಗೆ ಅದರ ಟ್ಯಾಂಕಿನೊಳಗೇ ಇರುತ್ತದೆ. ಅದು ತೂತಾಗಿದ್ದರೆ ನೀರಿನಲ್ಲಿ ಎಣ್ಣೆ ಬೆರೆತು ನಸುಗೆಂಪಾಗಿ ಕದಡಿರುತ್ತದೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು: ನೀರು ಗೇರ್‌ಬಾಕ್ಸಿಗೂ ನುಗ್ಗಿ ಕ್ಲಚ್ ಪ್ಲೇಟುಗಳನ್ನು ಹಾಳುಮಾಡುತ್ತದೆ. ಅಂಥ ಕಾರನ್ನು ಓಡಿಸಬೇಡಿ, ಗ್ಯಾರೇಜಿಗೆ ಗಾಡಿಯ ಮೇಲೆ ಹೇರಿಸಿ ಕಳಿಸಿ.